ಬಿಟ್ಟವರ ಸಾಲು

ಅಣ್ಣನ ಹೆಂಡತಿ, ನಮ್ಮ ವೈನಿ ಕಮಲಾಕ್ಷಿ ಇಲಿಗಳಿಗಾಗಿ ಸೋಮವಾರ ಉಪವಾಸ ಹಿಡಿದಳು. ಓಣಿಗೆಲ್ಲ ಗೊತ್ತಾಗಿ ನಾನು ತಲೆ ಎತ್ತಿ ತಿರುಗಾಡದಂತಾಯಿತು. "ಇಲಿ ಗಣಪತಿದಲ್ಲೇನ್ರಿ ವೈನಿ, ಮಂಗಳವಾರ ಹಿಡೀರಿ" ಎಂದು ಚೇಷ್ಟೆ ಮಾಡಿದೆ. ಅವಳು ನಗಲಿಲ್ಲ. "ಅವು ಆರಾಮ ಆದ್ರ ನಿಮ್ಮಣ್ಣಾರೂ ಆರಾಮ ಆಗ್ತಾರ, ಸಾವಿತ್ರಿ" ಅಂದಳು. ಆಮೇಲೆ ನನಗೂ ನಗು ಬರಲಿಲ್ಲ.

ಮಾಧಾಪುರದ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ವರ್ಷಗಳು ಅವು. ಅಣ್ಣ ಶಿವಾನಂದ ಹುಬ್ಬಳ್ಳಿಯಿಂದ ಈ ತೆಲುಗು ಪಟ್ಟಣಕ್ಕೆ ಬಂದು ಬಾಲಾನಗರದ ಕಾರ್ಖಾನೆಯಲ್ಲಿ ಫಿಟ್ಟರ್ ಆದವನು. ಮದುವೆ ಒಲ್ಲೆನೆಂದ ನಾನು ಅಬಿಡ್ಸ್‌ನ ಒಂದು ಪುಸ್ತಕದಂಗಡಿಯಲ್ಲಿ ಕೆಲಸಕ್ಕಿದ್ದು, ಅವನ ಮನೆಯಲ್ಲೇ ಇದ್ದೆ. ಅವನ ಕಾರ್ಖಾನೆಯ ಮಷೀನಿಗಾದರೂ ವಾರಕ್ಕೊಂದು ರಜೆ ಇತ್ತು, ಅವನ ಸಿಗರೇಟಿಗೆ ಇರಲಿಲ್ಲ. ಐವತ್ತು ದಾಟುವಷ್ಟರಲ್ಲಿ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದರೂ ಏದುಸಿರು ಬರುತ್ತಿತ್ತು. ಶ್ವಾಸಕೋಶದ ಗೋಡೆಗಳು ಹರಿದಿವೆ, ಸೇದುವುದನ್ನು ಬಿಡು ಎಂದರು ಡಾಕ್ಟರು. ಅಣ್ಣ ಅಂದೇ ಬಿಟ್ಟ. ನಮ್ಮ ಮಾತನ್ನು ಎಂದೂ ಕಿವಿಗೆ ಹಾಕಿಕೊಳ್ಳದ ಮನುಷ್ಯ ಮತ್ತೆ ಒಂದೂ ಸಿಗರೇಟು ಮುಟ್ಟಲಿಲ್ಲ. ಬಿಟ್ಟರೆ ವಾಸಿಯಾಗುತ್ತದೆಯೋ ಇಲ್ಲವೋ ಎಂದು ಮಾತ್ರ ಡಾಕ್ಟರು ಬಾಯಿಬಿಟ್ಟು ಹೇಳಲಿಲ್ಲ.

ವೈನಿಗೆ ಒಂದು ಸಂಶೋಧನಾ ಸಂಸ್ಥೆಯಲ್ಲಿ ಇಲಿಗಳ ಪಂಜರ ತೊಳೆಯುವ ಕೆಲಸ. ಕಾಳು ಹಾಕಬೇಕು, ನೀರಿಡಬೇಕು, ಹೊಟ್ಟು ಬದಲಿಸಬೇಕು. ಅದೇ ವರ್ಷ ಅಲ್ಲಿ ಸಿಗರೇಟಿನ ಹೊಗೆಯ ಪ್ರಯೋಗ ಶುರುವಾಯಿತು. ಮೊದಲ ಸಾಲಿನ ಇಲಿಗಳಿಗೆ ಬರೀ ಗಾಳಿ. ಎರಡನೆಯ ಸಾಲನ್ನು ದಿನಾ ಒಂದು ಪೆಟ್ಟಿಗೆಯಲ್ಲಿ ಕೂಡಿಸಿ ಮಷೀನಿನಿಂದ ಹೊಗೆ ಬಿಡುತ್ತಿದ್ದರು. ಮೂರನೆಯ ಸಾಲಿಗೆ ಕೆಲವು ತಿಂಗಳು ಹೊಗೆ ಕೊಟ್ಟು ನಿಲ್ಲಿಸಿದ್ದರು. ನಿಂತ ಮೇಲೆ ಶ್ವಾಸಕೋಶ ಏನಾಗುತ್ತದೆಂದು ನೋಡಬೇಕಿತ್ತು. ಪಂಜರದ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿದ್ದರಂತೆ. ವೈನಿ ಅದಕ್ಕೆ ಬಿಟ್ಟವರ ಸಾಲು ಎಂದೇ ಹೆಸರಿಟ್ಟಳು. ನನಗೆ ಸಿಟ್ಟು ಬರುತ್ತಿತ್ತು. ಆ ಇಲಿಗಳು ಸಿಗರೇಟು ಹಚ್ಚಿದ್ದೂ ಇಲ್ಲ, ಬಿಟ್ಟದ್ದೂ ಇಲ್ಲ. ಎರಡನ್ನೂ ಮನುಷ್ಯರೇ ಮಾಡಿದರು.

ಅಣ್ಣನಿಗೆ ಮಾತ್ರ ಅವು ಬಂಧುಬಳಗವಾದವು. ವೈನಿ ಬಸ್ಸಿಳಿದು ಬಂದು ಕೈಕಾಲು ತೊಳೆಯುವ ಮೊದಲೇ ಕೇಳುತ್ತಿದ್ದ.

"ನಮ್ಮ ಮಂದಿ ಹೆಂಗ ಅದಾರ?"

"ತೂಕ ಏರೇತ್ರಿ. ಕೂದಲಾ ಹೊಳ್ಯಾಕತ್ತಾವ. ಸೀನೂದು ನಿಂತೈತಿ."

ಅಂಥ ದಿನ ಅಣ್ಣ ಒಂದು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದ. ನಿಜ ಹೇಳಬೇಕೆಂದರೆ ಅವನ ಮುಖದಲ್ಲೂ ಕಳೆ ಬಂದಿತ್ತು. ಕೈಚೀಲ ಹಿಡಿದು ತಾನೇ ತರಕಾರಿ ತರುವಷ್ಟು ಚೇತರಿಸಿಕೊಂಡಿದ್ದ.

ಪ್ರಯೋಗ ಮುಗಿದ ದಿನ ಮೂರೂ ಸಾಲಿನ ಇಲಿಗಳನ್ನು ಕೊಂದರು. ಅಂಥ ದಿನ ವೈನಿ ಯಾವಾಗಲೂ ಹೊರಗೆ ಹೋಗಿ ಕೂರುತ್ತಿದ್ದಳು. ಅಂದು ಹೋಗಲಿಲ್ಲ. ಕಣ್ಣೀರು ಒರೆಸಿಕೊಳ್ಳುತ್ತ ನಿಂತು, ಕೊಯ್ದು ತೆಗೆದದ್ದನ್ನು ಇಟ್ಟ ಟ್ರೇ ನೋಡಿದಳು. ಹೊಗೆಯವುಗಳ ಶ್ವಾಸಕೋಶ ಬೂದಿ ಬಣ್ಣಕ್ಕೆ ತಿರುಗಿತ್ತು. ಬಿಟ್ಟವುಗಳದ್ದು ಬರೀ ಗಾಳಿ ಕುಡಿದವುಗಳಂತೆಯೇ ತಿಳಿಗುಲಾಬಿಯಾಗಿತ್ತು. ಅವಳಿಗೆ ಅಷ್ಟೇ ಸಾಕಾಯಿತು. ಅಮೀರ್‌ಪೇಟ್‌ನಲ್ಲಿ ಬಸ್ಸು ಬದಲಿಸುವಾಗ ಜಿಲೇಬಿ ಕಟ್ಟಿಸಿಕೊಂಡು ಬಂದು, ಬಾಗಿಲಲ್ಲೇ "ವಾಸಿ ಆಗ್ಯಾವ್ರಿ! ನಾ ಕಣ್ಣಾರೆ ನೋಡೀನಿ" ಎಂದಳು. ಅಣ್ಣ ನನ್ನೆದುರಿಗೇ ಅವಳ ಕೈ ಹಿಡಿದುಕೊಂಡ. ನಮ್ಮ ಮನೆಗಳಲ್ಲಿ ಹಾಗೆ ಹಿಡಿಯುವ ಪದ್ಧತಿ ಇಲ್ಲ.

ಕೆಲವು ವಾರಗಳ ಮೇಲೆ ಪ್ರಯೋಗ ನಡೆಸಿದ ನಲಿನಿ ಮೇಡಂ ಅವಳನ್ನು ಕರೆದರು. ಅವರು ಗುಲಬರ್ಗಾ ಕಡೆಯವರು, ವೈನಿಯ ಆಸೆ ಅವರಿಗೆ ಗೊತ್ತಿತ್ತು. ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಬರೀ ಗಾಳಿಯ ಶ್ವಾಸಕೋಶ ಸಣ್ಣ ಕಣ್ಣಿನ ಜರಡಿಯಂತಿತ್ತು. ಹೊಗೆಯದ್ದರಲ್ಲಿ ಗೋಡೆ ಹರಿದು ದೊಡ್ಡ ದೊಡ್ಡ ತೂತುಗಳಾಗಿದ್ದವು. ಬಿಟ್ಟವುಗಳಲ್ಲೂ ತೂತುಗಳು ಹಾಗೇ ಉಳಿದಿದ್ದವು.

"ಬಣ್ಣ ತಿಳಿಯಾಗೇತಿ, ಗ್ವಾಡಿ ಬೆಳೆದಿಲ್ಲ ಕಮಲಾಕ್ಷಮ್ಮ. ಬಿಟ್ಟಿದ್ದಕ್ಕ ತೂತು ಮತ್ತ ದೊಡ್ಡವು ಆಗಿಲ್ಲ. ಅದೂ ಸಣ್ಣ ಮಾತಲ್ಲ. ಆದ್ರ ಹೋಗಿದ್ದು ಹೊಳ್ಳಿ ಬರೂದಿಲ್ಲ."

ವೈನಿ ಇದನ್ನು ನನಗಷ್ಟೇ ಹೇಳಿ, ಅಣ್ಣನಿಗೆ ಹೇಳಬೇಡವೆಂದು ಆಣೆ ಹಾಕಿಸಿದಳು. ಜಿಲೇಬಿ ತಿನ್ನಿಸಿದ ಬಾಯಿಂದ ಇದನ್ನು ಹೇಗೆ ಹೇಳಲಿ ಎಂದು ಅತ್ತಳು. ನಾನೂ ಬಾಯಿ ಮುಚ್ಚಿಕೊಂಡಿದ್ದೆ.

ಚಳಿ ಶುರುವಾಗುತ್ತಲೇ ಅಣ್ಣನ ಏದುಸಿರು ಹೆಚ್ಚಾಯಿತು. ತರಕಾರಿಯ ಚೀಲ ಮೊಳೆಗೆ ಏರಿತು. ಅವನು ಗಾಬರಿಯಾಗಲಿಲ್ಲ, ನಾಚಿಕೊಳ್ಳತೊಡಗಿದ. ಅದನ್ನೇ ನಮಗೆ ನೋಡಲಾಗುತ್ತಿರಲಿಲ್ಲ. ಇನ್ನೂ ಹೆಚ್ಚು ಪ್ರಾಣಾಯಾಮ ಮಾಡಬೇಕಿತ್ತು ಎನ್ನುವನು. ಕೆಮ್ಮು ಬಂದರೆ ತಪ್ಪು ಮಾಡಿದವನಂತೆ ದಿಂಬಿಗೆ ಬಾಯಿ ಒತ್ತಿಕೊಳ್ಳುವನು. ಕಾರ್ಖಾನೆಯ ಗೆಳೆಯ ಮಲ್ಲಿಕಾರ್ಜುನ ಒಂದು ಭಾನುವಾರ ನೋಡಲು ಬಂದು, "ಕದ್ದು ಸೇದಾಕತ್ತಿ ಏನೋ ಶಿವ್ಯಾ?" ಎಂದು ತಮಾಷೆ ಮಾಡಿದ. ಅಣ್ಣ ಅವನೆದುರು ನಕ್ಕ. ಗೆಳೆಯ ಹೋದದ್ದೇ ಅಳತೊಡಗಿದ.

"ದೇವ್ರಾಣಿ ಕಮಲಾ, ಒಂದೂ ಸೇದಿಲ್ಲ. ಇಲಿಗಿ ವಾಸಿ ಆತು, ನನಗ್ಯಾಕ ಆಗವಲ್ದು? ಬಿಡೂದ್ರಾಗೂ ನಾ ಏನರ ತಪ್ಪು ಮಾಡೀನೇನು?"

ವೈನಿ ನನ್ನ ಮುಖ ನೋಡಿದಳು. ಆಮೇಲೆ ಅವನ ಕಾಲ ಬಳಿ ನೆಲದ ಮೇಲೆ ಕೂತಳು.

"ಅವಕ್ಕೂ ವಾಸಿ ಆಗಿಲ್ರಿ. ನಾ ಮ್ಯಾಲಿನ ಬಣ್ಣ ನೋಡಿ ಹೇಳಿಬಿಟ್ಟೆ. ಒಳಗ ತೂತು ಹಂಗ ಇದ್ದೂ. ನನಗ ಆಮ್ಯಾಲ ಗೊತ್ತಾತು, ನಿಮಗ ಹೇಳಾಕ ಧೈರ್ಯ ಆಗಲಿಲ್ಲ."

ಕೂಗಾಡುತ್ತಾನೆ, ಇಲ್ಲವೇ ಕುಸಿಯುತ್ತಾನೆ ಎಂದು ನಾನು ನೀರಿನ ತಂಬಿಗೆ ಹಿಡಿದು ನಿಂತೆ. ಅಣ್ಣನಿಗೆ ಉಸಿರು ಕೂಡಿಸಿಕೊಳ್ಳುವುದಕ್ಕೇ ಬಹಳ ಹೊತ್ತು ಹಿಡಿಯಿತು.

"ಒಂದಕ್ಕೂ ಆಗಿಲ್ಲ?"

"ಒಂದಕ್ಕೂ ಇಲ್ರಿ. ಬಿಟ್ಟ ಮ್ಯಾಲ ಹೆಚ್ಚಾಗಿಲ್ಲ, ಅಷ್ಟ."

ಅವನು ಗೋಡೆಗೆ ತಲೆ ಆನಿಸಿದ. ಕಣ್ಣಿಂದ ನೀರು ಇಳಿಯುತ್ತಿತ್ತು, ಆದರೆ ತಿಂಗಳುಗಟ್ಟಲೆ ಬಿಗಿದುಕೊಂಡಿದ್ದ ಹೆಗಲು ಸಡಿಲಾಯಿತು. ವೈನಿಯ ತಲೆಯ ಮೇಲೆ ಕೈ ಇಟ್ಟ.

"ಇಷ್ಟ ದಿನ, ನನಗೊಬ್ಬನಿಗೇ ಹಿಂಗಾಗೇತಿ ಅನ್ಕೊಂಡಿದ್ದೆ" ಎಂದ.