ಮಿಸೆಸ್ ಡಾಬ್ಸನ್ ಅವರ ಮೇಜು

ರಾತ್ರಿ ಹನ್ನೊಂದರ ಹೊತ್ತಿಗೆ, ಪ್ರೇಕ್ಷಕರೆಲ್ಲ ಮನೆ ಸೇರಿದ ಮೇಲೆ, ರಂಗದ ಹಿಂಬದಿಯ ಕತ್ತಲಲ್ಲಿ ಸಣ್ಣದೊಂದು ವಸ್ತು ಹಲಗೆಯ ನೆಲಕ್ಕೆ ಬಿದ್ದು ಟಿಣ್ಣೆಂದರೆ, ಅದು ಏನೆಂದು ತಿರುಗಿಯೂ ನೋಡದೆ ಹೇಳಬಲ್ಲವರು ನಮ್ಮ ಹಾರ್ಕ್‌ಬರಿಯಲ್ಲಿ ಒಬ್ಬರೇ ಇದ್ದಾರೆ. "ತವರದ ಚಮಚ. ಎರಡನೇ ಅಂಕದ್ದು," ಎನ್ನುತ್ತಾರೆ. ಇಲ್ಲವೇ, "ಕತ್ತಿಯ ಹಿಡಿಯ ಮೊಳೆ. ಬೆಳಿಗ್ಗೆ ನೆನಪಿಸು," ಎನ್ನುತ್ತಾರೆ. ಆ ಕಿವಿ ತಪ್ಪು ಹೇಳಿದ್ದನ್ನು ನಾನು ಒಂದೇ ಒಂದು ಸಲ ಕೇಳಿದ್ದೇನೆ. ಈ ಲೇಖನ ಆ ಒಂದು ಸಲಕ್ಕೆ ಸಲ್ಲಬೇಕಾದದ್ದು.

ನಮ್ಮ ರಂಗಭೂಮಿಯ ಚರಿತ್ರೆ ಬರೆಯುವವರು ನಾಟಕಕಾರರನ್ನು ಹೆಸರಿಸುತ್ತಾರೆ, ನಟರನ್ನು ಹೆಸರಿಸುತ್ತಾರೆ, ಔದಾರ್ಯವುಳ್ಳವರಾದರೆ ನಿರ್ದೇಶಕರನ್ನೂ ಸ್ಮರಿಸುತ್ತಾರೆ. ಆದರೆ ವಿಷದ ಬಟ್ಟಲನ್ನು ಅದರ ಜಾಗದಲ್ಲಿ, ಅದರ ಹೊತ್ತಿಗೆ, ಅದರ ಹಿಡಿ ನಟನ ಕೈಗೆ ಸಿಗುವ ಹಾಗೆ ಇಟ್ಟವರ ಹೆಸರು ಯಾವ ಗ್ರಂಥದಲ್ಲಿಯೂ ಕಾಣುವುದಿಲ್ಲ. ಹಳೇ ಧಾನ್ಯಪೇಟೆಯ ನಾಟಕಶಾಲೆಯಲ್ಲಿ ನಲವತ್ತೆರಡು ವರ್ಷ ಆ ಕೆಲಸ ಮಾಡಿ ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ಎನಿಡ್ ಡಾಬ್ಸನ್ ಅವರಿಗೆ ಗ್ರಂಥವೊಂದನ್ನು ಅರ್ಪಿಸುತ್ತಿರುವುದು, ಆದ್ದರಿಂದ, ತಡವಾಗಿಯಾದರೂ ಆದ ನ್ಯಾಯ.

ಅವರು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಉಡುಪು ಹೊಲಿಯಲೆಂದು ಬಂದವರು. ಮೂರನೆಯ ವಾರ ರಂಗಪರಿಕರಗಳನ್ನು ನೋಡಿಕೊಳ್ಳುತ್ತಿದ್ದ ಮುದುಕನೊಬ್ಬ ಕಾಲು ಮುರಿದುಕೊಂಡು ಮಲಗಿದಾಗ ಎಂಟು ದಿನದ ಮಟ್ಟಿಗೆಂದು ಮೇಜಿನ ಬಳಿ ನಿಂತರು. ಮತ್ತೆ ಸೂಜಿಗೆ ಹಿಂತಿರುಗಲಿಲ್ಲ. ರಂಗದ ಎಡಬದಿಯ ಮರೆಯಲ್ಲಿರುವ ಆ ಉದ್ದನೆಯ ಮೇಜಿಗೆ ಬಿಳಿಯ ಕಾಗದ ಹೊದಿಸಿ, ಪ್ರತಿಯೊಂದು ವಸ್ತುವಿನ ಸುತ್ತಲೂ ಮಸಿಯಲ್ಲಿ ಗೆರೆ ಎಳೆದು, ಒಳಗೆ ಅದರ ಹೆಸರು ಬರೆದಿಡುವುದು ಅವರ ಕ್ರಮ. ಬಟ್ಟಲು ರಂಗಕ್ಕೆ ಹೋದಾಗ ಮೇಜಿನ ಮೇಲೆ ಬಟ್ಟಲಿನ ಆಕಾರದ ಬಿಳುಪು ಉಳಿಯುತ್ತಿತ್ತು. ಯಾವ ಗೆರೆ ಖಾಲಿಯಿದೆ ಎಂದು ನೋಡಿದರೆ ಸಾಕು, ಕಥೆ ಎಲ್ಲಿಗೆ ಬಂದಿದೆ, ಇನ್ನೆಷ್ಟು ಜನ ಸಾಯಬೇಕು ಎಂಬುದು ತಿಳಿಯುತ್ತಿತ್ತು.

ಆ ಮೇಜಿಗೆ ಒಂದೇ ನಿಯಮ. ನಿಜವಾದ ಹೂವು, ನಿಜವಾದ ಕನ್ನಡಿ, ನಿಜವಾದ ಒಡವೆ ಅಲ್ಲಿಗೆ ಬರಕೂಡದು. ಇದು ನಾಟಕದವರೆಲ್ಲರ ಹಳೆಯ ನಂಬಿಕೆ. ಬೇರೆಯವರು ಅದನ್ನು ಅಪಶಕುನದ ಮಾತಾಗಿ ಹೇಳಿದರೆ, ಮಿಸೆಸ್ ಡಾಬ್ಸನ್ ಅವರ ಕಾರಣವೇ ಬೇರೆ.

"ನಿಜ ಬಂದು ಕೂತ್ರೆ ಸುಳ್ಳಿಗೆ ನಾಚಿಕೆ ಆಗುತ್ತೆ ಕಣೇ. ಆಮೇಲೆ ನಾಟಕ ಯಾರು ಆಡ್ತಾರೆ?"

ಅವರ ನಾಲಿಗೆ ಹರಿತ, ಕೈ ಮೆದು. ಔತಣದ ದೃಶ್ಯಕ್ಕೆಂದು ರೊಟ್ಟಿಯಲ್ಲಿ ಮಾಡಿಟ್ಟ ಹಂಸವನ್ನು ಕದ್ದು ತಿಂದ ರಾಜಕುಮಾರನ ಪಾತ್ರಧಾರಿಗೆ, "ಮಹಾಪ್ರಭು, ನಾಳೆಯಿಂದ ಅಂಟು ಸವರಿ ಇಡ್ತೀನಿ, ಬಾಯಿ ಮುಚ್ಚಿದ್ರೆ ನಿಮ್ಮ ನಟನೆನೂ ಸುಧಾರಿಸುತ್ತೆ," ಎಂದವರು, ದೃಷ್ಟಿ ಮಂದವಾಗುತ್ತಿದ್ದುದನ್ನು ಎಲ್ಲರಿಂದ ಮುಚ್ಚಿಟ್ಟುಕೊಂಡಿದ್ದ ಹಿರಿಯ ನಟರೊಬ್ಬರಿಗಾಗಿ, ಯಾರೂ ಕೇಳದೆ, ಬಟ್ಟಲಿನ ಹಿಡಿಗೆ ಮರಳುಕಾಗದ ಉಜ್ಜಿ ಒರಟು ಮಾಡಿಟ್ಟರು. ಆ ಹಿರಿಯರು ಕೊನೆಯ ದಿನದವರೆಗೂ ಬೆರಳಿನಿಂದಲೇ ತಮ್ಮ ಬಟ್ಟಲನ್ನು ಗುರುತಿಸಿದರು. ಚಳಿಗಾಲದಲ್ಲಿ ಹನ್ನೆರಡು ನಿಮಿಷ ಹೆಣವಾಗಿ ಮಲಗಬೇಕಿದ್ದ ನಾಯಕಿಯ ಬೆನ್ನಡಿಗೆ, ಬಿಸಿ ಇಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ಇಡುತ್ತಿದ್ದರು. "ಸತ್ತವರಿಗೂ ನೆಗಡಿ ಆಗುತ್ತೆ," ಎನ್ನುತ್ತಿದ್ದರು.

ನಾನು ಅವರ ಸಹಾಯಕಿಯಾಗಿ ಸೇರಿದ್ದು ಇಪ್ಪತ್ತೊಂದು ವರ್ಷಗಳ ಹಿಂದೆ, ಕಾಲೇಜು ಮುಗಿಸಿ, ಮದುವೆಯಾಗಿ ಏಳು ತಿಂಗಳಾಗಿದ್ದಾಗ. ನನ್ನ ಗಂಡ ಲೆನ್ ಗಡಿಯಾರ ರಿಪೇರಿಯವನು, ಮಾತು ಕಡಿಮೆ. ನನ್ನ ಮದುವೆಯ ಉಂಗುರವನ್ನು ಅವನೇ ಮಾಡಿದ್ದ. ಚಿನ್ನದ ಎರಡು ಎಲೆಗಳ ನಡುವೆ ಅವನ ಅಜ್ಜಿಯ ನೀಲಿ ಕಲ್ಲು.

ಆ ಚಳಿಗಾಲ ನಾವು ಆಡುತ್ತಿದ್ದುದು ನಾನೂರು ವರ್ಷ ಹಿಂದಿನ ಜೇಮ್ಸ್ ದೊರೆಯ ಕಾಲದ, ಬರೆದವನ ಹೆಸರೂ ಉಳಿಯದ ಒಂದು ದುರಂತ ನಾಟಕ. ಮುದಿ ಪ್ರಭುವೊಬ್ಬ ಎಳೆಯ ಹೆಂಡತಿಗೆ ನೀಲಿ ಕಲ್ಲಿನ ಉಂಗುರ ತೊಡಿಸುತ್ತಾನೆ. ಅವಳು ಅದನ್ನು ತಾನು ಬಯಸಿದವನಿಗೆ, ಗಂಡನ ಕಾರ್ಯದರ್ಶಿಗೆ, ಕೊಡುತ್ತಾಳೆ. ದಾಸಿಯೊಬ್ಬಳು ಅದನ್ನು ಕಂಡು ಪ್ರಭುವಿಗೆ ಹೇಳುತ್ತಾಳೆ. ತುಂಬಿದ ಔತಣದಲ್ಲಿ ಪ್ರಭು ಕಾರ್ಯದರ್ಶಿಯ ಕೈಯನ್ನು ದೀಪಕ್ಕೆತ್ತಿ ಹಿಡಿದು ಎಲ್ಲರಿಗೂ ತೋರಿಸುತ್ತಾನೆ. ಆಮೇಲೆ ವಿಷ, ಕತ್ತಿ, ಐದು ಹೆಣ. ಇಂಥ ನಾಟಕಗಳನ್ನು ನಾನೀಗ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಆಸೆಯ ಬಗ್ಗೆ, ದ್ರೋಹದ ಬಗ್ಗೆ ಪಂಡಿತರು ಬರೆದದ್ದನ್ನು ಸಾಕಷ್ಟು ಓದಿದ್ದೇನೆ. ಆದರೂ, ಮೇಜಿನ ಪಕ್ಕದಲ್ಲಿ ಚಹಾ ಕುಡಿಯುತ್ತಾ ಮಿಸೆಸ್ ಡಾಬ್ಸನ್ ಆಡಿದ ಮಾತಿಗಿಂತ ಮಿಗಿಲಾದ ವಿಮರ್ಶೆ ನನಗೆ ಸಿಕ್ಕಿಲ್ಲ.

"ಅವಳು ಆಸೆಪಟ್ಟಿದ್ದಕ್ಕೆ ಸಾಯಲ್ಲ ಕಣೇ ಹೆಸ್ಟರ್. ಆ ಕೋಟೇಲಿ ಎಲ್ಲಾರೂ ಬಾಗಿಲ ಹಿಂದೆ ಕಿವಿ ಇಟ್ಟವರೇ. ಒಬ್ಬಳು, ಒಬ್ಬಳೇ ಒಬ್ಬಳು ಬಾಯಿ ಮುಚ್ಕೊಂಡಿದ್ರೆ ಐದೂ ಜನ ಮನೆಗೆ ಹೋಗಿ ಊಟ ಮಾಡ್ತಿದ್ರು."

ಕಾರ್ಯದರ್ಶಿಯ ಪಾತ್ರ ವಹಿಸಿದ್ದವನು ಕಾನ್ರಾಡ್ ಲೈಲ್ ಎಂಬ ನಟ. ನಮ್ಮ ನಡುವೆ ನಡೆದದ್ದು ಎಣಿಸಿದರೆ ಬಹಳವಲ್ಲ. ಮೆಟ್ಟಿಲ ತಿರುವಿನಲ್ಲಿ ಕೈ ಹಿಡಿದದ್ದು, ಎರಡು ಸಲ, ಒಂದು ಮುತ್ತು. ಆದರೆ ಎಣಿಕೆಗೆ ಸಿಗದ್ದು ಬಹಳ ಇತ್ತು. ನಾಟಕ ಮುಗಿದ ಮೇಲೆ ಅವನು ಎಡಿನ್‌ಬರೋಗೆ ಹೊರಟಿದ್ದ. ಜೊತೆಗೆ ಬಾ ಎಂದ. ನಾನು ಪ್ರತಿಯೊಂದು ಮಾತನ್ನೂ ಹತ್ತು ಸಲ ತೂಗಿ ಆಡುವವಳು. ಹೂಂ ಎನ್ನಲೂ ಆಗಲಿಲ್ಲ, ಉಹೂಂ ಎನ್ನಲೂ ಆಗಲಿಲ್ಲ. "ಬಾಯಲ್ಲಿ ಹೇಳ್ಬೇಡ. ಏನಾದ್ರೂ ಒಂದು ಗುರುತು ಕೊಡು, ಸಾಕು," ಎಂದಿದ್ದ.

ದಿನವೂ ಔತಣದ ದೃಶ್ಯಕ್ಕೆ ಮುಂಚೆ ಮೇಜಿನಿಂದ ನಾಟಕದ ನೀಲಿ ಕಲ್ಲಿನ ಹಿತ್ತಾಳೆಯ ಉಂಗುರ ತೆಗೆದು ಅವನಿಗೆ ಕೊಡುವುದು ನನ್ನ ಕೆಲಸ. ಒಂದು ಗುರುವಾರ ನಾನು ಹಿತ್ತಾಳೆಯದನ್ನು ನನ್ನ ಜೇಬಿಗೆ ಹಾಕಿಕೊಂಡೆ. ಬೆರಳಲ್ಲಿದ್ದುದನ್ನು ಬಿಚ್ಚಿ ಅವನ ಅಂಗೈಗಿಟ್ಟೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ಕಿರುಬೆರಳಿಗೆ ಏರಿಸಿಕೊಂಡು ಬೆಳಕಿಗೆ ನಡೆದ.

ಪ್ರಭು ಅವನ ಕೈಯನ್ನು ದೀಪಕ್ಕೆತ್ತಿದಾಗ ನಾನು ಪರದೆಯ ಸೀಳಿನಿಂದ ನೋಡುತ್ತಿದ್ದೆ. ಮೂರನೆಯ ಸಾಲಿನಲ್ಲಿ, ಕೋಟನ್ನು ತೊಡೆಯ ಮೇಲಿಟ್ಟುಕೊಂಡು, ಲೆನ್ ಕುಳಿತಿದ್ದ. ಅವನು ಬರುತ್ತಿದ್ದುದು ಶನಿವಾರ. ಆ ದಿನ ಅಂಗಡಿ ಬೇಗ ಮುಚ್ಚಿ, ನನಗೆ ಅಚ್ಚರಿ ಮಾಡಬೇಕೆಂದು ಬಂದಿದ್ದನಂತೆ. ಅವನು ಅರ್ಧ ಎದ್ದು ನಿಂತ. ಹಿಂದಿನವರು ಶ್ ಎಂದರು. ಕುಳಿತುಕೊಂಡ.

ದೃಶ್ಯ ಮುಗಿದ ಮೇಲೆ, ಎಲ್ಲ ಪರಿಕರಗಳಂತೆ, ಉಂಗುರವೂ ಮೇಜಿಗೆ ಹಿಂತಿರುಗಿತು. ಮಿಸೆಸ್ ಡಾಬ್ಸನ್ ಅದನ್ನು ಕತ್ತಲಲ್ಲಿ ಅಂಗೈಯಲ್ಲಿಟ್ಟು ತೂಗಿ ನೋಡಿದರು. ಚಿನ್ನಕ್ಕೂ ಹಿತ್ತಾಳೆಗೂ ತೂಕ ಒಂದೇ ಅಲ್ಲ. ಗೆರೆಯೊಳಗೆ ಇಡಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಐದನೆಯ ಅಂಕದ ಬಟ್ಟಲುಗಳನ್ನು ಎತ್ತಿ ಕೊಡತೊಡಗಿದರು.

ಎಲ್ಲರೂ ಹೋದ ಮೇಲೆ ಲೆನ್ ಹಿಂಬಾಗಿಲಿನಿಂದ ಒಳಬಂದ.

"ಹೆಸ್ಟರ್, ಅವನ ಕೈಲಿದ್ದದ್ದು ನಮ್ಮ ಉಂಗುರ."

ಉತ್ತರ ಮೇಜಿನ ಆ ಬದಿಯಿಂದ ಬಂತು.

"ನಿಮ್ಮದೇ ಕಣಪ್ಪ. ನಾನೇ ಬಿಚ್ಚಿಸ್ಕೊಂಡೆ. ಹಿತ್ತಾಳೇದರ ಕಲ್ಲು ಸಂಜೆ ಉದುರಿಹೋಯ್ತು, ಬೇರೆ ನೀಲಿ ಕಲ್ಲು ಎಲ್ಲಿಂದ ತರ್ಲಿ? ಈ ಹುಡುಗಿ ಬೇಡ ಬೇಡ ಅಂತು. ಕೊಡದಿದ್ರೆ ಬೆರಳೇ ಇಟ್ಕೋತೀನಿ ಅಂದೆ."

"ನಿಮ್ಮ ಮೇಜಿನ ಮೇಲೆ ನಿಜವಾದ್ದು ಏನೂ ಇಡಲ್ಲ ಅಂತ ಊರಿಗೆಲ್ಲ ಗೊತ್ತು, ಮಿಸೆಸ್ ಡಾಬ್ಸನ್."

"ಊರಿಗೆ ಗೊತ್ತಿರೋದೆಲ್ಲ ನಿಜ ಆಗಿದ್ರೆ ನಾನು ಇಷ್ಟೊತ್ತಿಗೆ ಮೂರು ಮದುವೆ ಆಗಿರ್ಬೇಕಿತ್ತು."

ಅಳು ಬಂತು. ಕರವಸ್ತ್ರಕ್ಕೆಂದು ಜೇಬಿಗೆ ಕೈ ಹಾಕಿ ಎಳೆದೆ. ಹಿತ್ತಾಳೆಯ ಉಂಗುರ, ಕಲ್ಲಿನ ಸಮೇತ, ನೆಲಕ್ಕೆ ಬಿದ್ದು ಟಿಣ್ಣೆಂದಿತು; ಒಂದು ಸುತ್ತು ತಿರುಗಿ ಲೆನ್‌ನ ಕಡೆಗೆ ಉರುಳಿತು. ಮಿಸೆಸ್ ಡಾಬ್ಸನ್ ಆತುರವಿಲ್ಲದೆ ಒಂದು ಹೆಜ್ಜೆ ಮುಂದಿಟ್ಟರು. ಸದ್ದು ಅವರ ಬೂಟಿನಡಿಯಲ್ಲಿ ನಿಂತಿತು.

"ಏನದು ಬಿದ್ದಿದ್ದು?" ಎಂದ ಲೆನ್.

"ಗುಂಡಿ. ನನ್ನ ಕೋಟಿಂದು. ಹಾಳಾದ್ದು, ಎಷ್ಟು ಸಲ ಹೊಲಿದ್ರೂ ನಿಲ್ಲಲ್ಲ."

ಅವರ ಮೈಮೇಲೆ ಕೋಟು ಇರಲಿಲ್ಲ. ಇದ್ದದ್ದು ಕೆಲಸದ ಏಪ್ರನ್ನು, ಅದಕ್ಕೆ ಗುಂಡಿಗಳಿರಲಿಲ್ಲ. ಲೆನ್ ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿದ. "ಹೊರಗೆ ಕಾಯ್ತೀನಿ," ಎಂದು ನನಗೆ ಹೇಳಿ ನಡೆದ.

ಅವನು ಹೋದ ಮೇಲೆ ಮಿಸೆಸ್ ಡಾಬ್ಸನ್ ಚಿನ್ನದ ಉಂಗುರವನ್ನು ನನ್ನ ಮುಂದೆ ಹಿಡಿದರು. ಬೈಗುಳ ಕೇಳಲು ಸಿದ್ಧಳಾಗಿ ನಿಂತಿದ್ದೆ.

"ಹಾಕ್ಕೋ. ಇಲ್ಲಾ ಹಾಕ್ಕೋಬೇಡ. ಅದು ನಿನ್ನಿಷ್ಟ ಮಗಳೇ, ನನ್ನ ಕೇಳ್ಬೇಡ. ನನ್ನ ಮೇಜಿನ ಮೇಲೆ ಮಾತ್ರ ಇಡ್ಬೇಡ."

ಆಮೇಲೆ ಬೂಟೆತ್ತಿ, ಬಾಗಿ, ಹಿತ್ತಾಳೆಯ ಉಂಗುರ ಹೆಕ್ಕಿಕೊಂಡರು. ಇಕ್ಕಳದಿಂದ ಅದರ ಕಲ್ಲನ್ನು ಕಿತ್ತರು. ಹೇಳಿದ ಸುಳ್ಳಿಗೆ ಸಾಕ್ಷಿ ಬೇಕಲ್ಲ. ರಾತ್ರಿಯ ವರದಿಯ ಪುಸ್ತಕ ತೆರೆದು, ತಮ್ಮ ದುಂಡಗಿನ ಅಕ್ಷರದಲ್ಲಿ, "ನಿಯಮ ಮೀರಿ ನಿಜವಾದ ಉಂಗುರ ಬಳಸಲಾಯಿತು. ತಪ್ಪು ನನ್ನದು. ಇ. ಡಾಬ್ಸನ್," ಎಂದು ಬರೆದರು. ಅಲ್ಲಿಯವರೆಗೆ ಆ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ತಪ್ಪು ಎಂಬ ಪದ ಬಂದಿರಲಿಲ್ಲ.

ನಾನು ಉಂಗುರ ತೊಟ್ಟು ಹೊರಗೆ ಹೋದೆ. ಆ ಹತ್ತು ಹೆಜ್ಜೆ ದೂರದಲ್ಲಿ ನಾನೇ ನಿರ್ಧರಿಸಿದೆ ಎಂಬುದನ್ನು ಇಲ್ಲಿ ಬರೆಯಬೇಕು. ಯಾರೂ ನನ್ನನ್ನು ದೂಡಲಿಲ್ಲ.

ಮರುದಿನ ಮ್ಯಾನೇಜರ್ ಪ್ರಾಕ್ಟರ್ ಅವರು ಮಿಸೆಸ್ ಡಾಬ್ಸನ್ ಅವರನ್ನು ಇಡೀ ತಂಡದ ಎದುರು ನಿಲ್ಲಿಸಿ, ಇಷ್ಟು ವರ್ಷದ ಅನುಭವ ಎಲ್ಲಿ ಹೋಯಿತೆಂದು ಕೇಳಿದರು. ಎಚ್ಚರಿಕೆಯ ಪತ್ರ ಒಂದು ವಾರ ಸೂಚನಾ ಫಲಕದ ಮೇಲೆ ಇತ್ತು. ಹಂಸ ಕದ್ದ ರಾಜಕುಮಾರನೂ ಅದನ್ನು ಓದಿ ನಕ್ಕ. ನಾನು ಬಾಯಿ ತೆರೆಯಲು ಹೋದಾಗಲೆಲ್ಲ ಅವರು ಏನಾದರೊಂದು ಕೆಲಸ ಹೇಳಿ ನನ್ನನ್ನು ಉಗ್ರಾಣಕ್ಕೆ ಕಳಿಸುತ್ತಿದ್ದರು. ಆ ವಾರ ನಾನು ತೊಳೆದಷ್ಟು, ಮರದಲ್ಲಿ ಕೆತ್ತಿದ ನಾಟಕದ ಹಣ್ಣುಗಳನ್ನು ಯಾರೂ ತೊಳೆದಿರಲಾರರು.

ಕಾನ್ರಾಡ್‌ಗೆ ಬರುವುದಿಲ್ಲವೆಂದು ಒಂದು ಸಾಲು ಬರೆದು ಕೊಟ್ಟೆ. ಆದರೂ ಅವನು ಸಂಜೆ ಮೇಜಿನ ಬಳಿ ಬಂದು ಹೆಸ್ಟರ್ ಎಲ್ಲಿ ಎಂದು ಕೇಳಿದನಂತೆ. ಮಿಸೆಸ್ ಡಾಬ್ಸನ್ ಹೊಸ ಕಲ್ಲು ಕೂರಿಸಿದ ಉಂಗುರವನ್ನು ಅವನ ಕೈಗಿಟ್ಟರು. "ತಗೊಳ್ಳಿ ಕಾರ್ಯದರ್ಶಿಗಳೇ. ಹಿತ್ತಾಳೆ. ನಿಮ್ಮ ಬೆರಳಿಗೆ ಇದೇ ಸರಿಯಾದ ಅಳತೆ."

ಹದಿನಾಲ್ಕು ವರ್ಷ ಕಳೆದ ಮೇಲೆ, ಒಂದು ಭಾನುವಾರ, ಊಟದ ಮೇಜಿನ ಬಳಿ ಲೆನ್‌ಗೆ ಎಲ್ಲವನ್ನೂ ಹೇಳಿದೆ. ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಗುಂಡಿ ಹಂಗೆ ಉರುಳಲ್ಲ," ಎಂದ. "ದಿನಾ ಹಿತ್ತಾಳೆ ಜೊತೆ ಕೂತಿರೋನಿಗೆ ಅದರ ಸದ್ದು ಗೊತ್ತಾಗಲ್ವಾ?"

"ಮತ್ಯಾಕೆ ಸುಮ್ನಿದ್ದೆ?"

"ಸುಳ್ಳೇ ಹೇಳದ ಹೆಂಗಸು ನಿನಗೋಸ್ಕರ ಒಂದು ಹೇಳಿದ್ಲು. ಕಾದು ನೋಡೋಣ ಅನ್ನಿಸ್ತು."

ಆ ಸಂಜೆ ಅವನು ಒಬ್ಬನೇ ನಡೆಯಲು ಹೋದ, ತಡವಾಗಿ ಬಂದ, ಬಂದು, ಅಡುಗೆಮನೆಯ ಗಡಿಯಾರಕ್ಕೆ ಎಂದಿನಂತೆ ಕೀಲಿ ಕೊಟ್ಟ. ಈ ಲೇಖನವನ್ನು ಮೊದಲು ಓದಿದವನು ಅವನೇ. "ಕಳಿಸು," ಎಂದ.

ಇವತ್ತಿನ ಹುಡುಗರಿಗೆ ಆ ಕಾಲದ ನಾಟಕ ಹೇಳಿಕೊಡುವಾಗ, ಗಂಡ ಹೆಂಡಿರ ನಡುವಿನ ನಂಬಿಕೆ ಮುರಿದದ್ದೆಲ್ಲಿ ಎಂದು ಅವರು ನಾಯಕಿಯ ಮಾತುಗಳಲ್ಲಿ ಹುಡುಕುತ್ತಾರೆ. ನಾನು ದಾಸಿಯ ಕಡೆ ಬೆರಳು ತೋರಿಸುತ್ತೇನೆ. ನಮ್ಮ ನಾಟಕಶಾಲೆಯಲ್ಲಿ ಆ ದಾಸಿಯ ಜಾಗದಲ್ಲಿ ನಿಂತಿದ್ದವರು ಮಿಸೆಸ್ ಡಾಬ್ಸನ್ ಎಂಬುದು ನನ್ನ ಭಾಗ್ಯ.

ಮಿಸೆಸ್ ಡಾಬ್ಸನ್ ಅವರಿಗೆ ದೀರ್ಘವಾದ, ಬೆಚ್ಚಗಿನ ಆಯುಷ್ಯ ದೊರೆಯಲಿ. ಅವರ ಕಿವಿ ಹೀಗೆಯೇ ಚುರುಕಾಗಿರಲಿ. ಶನಿವಾರಗಳಂದು ಹೊಸಬರಿಗೆ ಗೆರೆ ಎಳೆಯುವುದನ್ನು ಕಲಿಸುತ್ತೇನೆಂದು ಅವರು ಒಪ್ಪಿಕೊಂಡಿರುವ ಕೆಲಸ ಬಹುಕಾಲ ಸಾಗಲಿ. ಈ ಲೇಖನಕ್ಕಾಗಿ ಕಳೆದ ತಿಂಗಳು ಅವರ ಮನೆಗೆ ಹೋಗಿದ್ದೆ. ಚಹಾ, ಶುಂಠಿಯ ಕೇಕು ಆದ ಮೇಲೆ, ಇಪ್ಪತ್ತೊಂದು ವರ್ಷ ಕೇಳದೆ ಉಳಿದದ್ದನ್ನು ಕೇಳಿದೆ.

"ಮಿಸೆಸ್ ಡಾಬ್ಸನ್, ಆ ಗುರುವಾರ ನಿಮ್ಮ ಬೂಟಿನಡಿ ಬಿದ್ದಿದ್ದು ಏನು?"

ಅವರು ನನ್ನ ಬಟ್ಟಲಿಗೆ ಇನ್ನಷ್ಟು ಚಹಾ ಬಗ್ಗಿಸಿದರು.

"ಗುಂಡಿ."

"ನಾನೇ ಅಲ್ವಾ ಬೀಳಿಸಿದ್ದು? ನನಗಾದ್ರೂ ಹೇಳಬಹುದಲ್ಲ?"

"ಯಾರಿಗೂ ಹೇಳಲ್ಲ ಅಂತ ಆ ರಾತ್ರಿನೇ ತೀರ್ಮಾನ ಮಾಡಿಬಿಟ್ಟೆ ಮಗಳೇ," ಎಂದರು. "ಯಾರಿಗೂ ಅಂದ್ರೆ, ನಿನಗೂ."