ಕರಿ ಹೊಲದಾಗ ಬಿಳಿ ಮಣ್ಣು

ಈ ಮಶೀನ್ ನಾ ಕೊಂಡದ್ದಲ್ಲ. ನಮ್ಮ ಯಜಮಾನ್ರು ಸಾಲಿ ಮಾಸ್ತರಿಕಿ ಮುಗಿಸಿ ಮನ್ಯಾಗ ಕುಂತ ಮ್ಯಾಲ ಆನ್‌ಲೈನ್‌ನ್ಯಾಗ ತರಿಸಿಕೊಂಡ್ರು. ಉದ್ದನ್ನ ಕೋಲು, ತುದಿಗೊಂದು ತಟ್ಟಿ. ನೆಲದಾಗ ಲೋಹ ಇದ್ರ ಕುಂಯ್ ಅಂತ ಒದರ್ತದ. ಅದನ್ನ ಹಿಡಕೊಂಡು ಬೀದರದ ಓಣಿ ಓಣಿ ತಿರುಗಿದ್ರು. ಕಡೀಗೆ ಮೊಣಕಾಲು ಕೈಕೊಟ್ಟವು. ಈಗ ಅವರು ಹೊರಸಿನ ಮ್ಯಾಲ ಕುಂತು ಹುಕುಂ ಕೊಡ್ತಾರ, ನಾ ಕೋಲು ಹೊತ್ತು ತಿರುಗ್ತೇನಿ. ಆಯುಷ್ಯ ಪೂರ್ತಿ ದವಾಖಾನ್ಯಾಗ ನರ್ಸ್ ಆಗಿ ನಿಂತ ಕಾಲು ನಂದು. ರಿಟೈರ್ ಆದ್ರ ಆರಾಮ ಕುಂಡ್ರಬೇಕು ಅಂದುಕೊಂಡಿದ್ದೆ. ಎಲ್ಲಿ ಕುಂಡ್ರೋದು ತಗೀರಿ!

ಐತವಾರ ಪ್ರಾರ್ಥನಿ ಮುಗಿಸಿ ಚರ್ಚಿನ ಬಾಗಿಲಾ ದಾಟೂದೇ ತಡ, ಯಾರಾದ್ರೊಬ್ಬರು ಅಡ್ಡ ನಿಂತಿರ್ತಾರ. "ಸಿಸ್ಟರ್, ನಮ್ಮ ಹಿತ್ತಲದಾಗ ಗುಪ್ತಧನ ಅದಂತ್ರಿ, ಒಂದ್ ಸಲ ಬಂದು ನೋಡ್ರಿ." ಬೀದರ ಅಂದ್ರ ಕಾಲಿಟ್ಟಲ್ಲೆಲ್ಲಾ ಸುಲ್ತಾನರ ಬಂಗಾರ ಹುಗದಿಟ್ಟದ ಅಂತ ಮಂದಿ ತಿಳಕೊಂಡಾರ. ಕಿಲ್ಲಾದ ಕಡೆ, ಅಷ್ಟೂರದ ಸುಲ್ತಾನರ ಗುಂಬಜಿನ ಕಡೆ ನಾ ಮಶೀನ್ ಒಯ್ಯೂದೇ ಇಲ್ಲ. ಅದು ಸರ್ಕಾರದ್ದು, ಈ ವಯಸ್ಸಿನಾಗ ಪೊಲೀಸ್ ಠಾಣಿ ಮೆಟ್ಟಲಾ ಹತ್ತೂದು ನಂಗ್ಯಾಕ ಬೇಕು? ಓಣ್ಯಾಗ ಸಿಗೂದಾದ್ರೂ ಏನು? ಮೊಳಿ, ಸೋಡಾ ಬಾಟ್ಲಿ ಮುಚ್ಚಳಾ, ಗುಟಕಾ ಚೀಟಿನ ಬೆಳ್ಳಿ ಕಾಗದ. ಎಂದಾದ್ರೂ ಒಮ್ಮೆ ನಳದ ಕಟ್ಟಿ ಹತ್ರ ಯಾರದೋ ಕಾಲುಂಗುರ, ನಿಜಾಮನ ಕಾಲದ್ದು ಚಾರ್‌ಮಿನಾರ್ ಚಿತ್ರದ ಒಂದು ಸವೆದ ದುಡ್ಡು. ಅಷ್ಟಕ್ಕ ನಡ ಹಿಡಿಯೂತನಕ ಬಗ್ಗಬೇಕು.

ಹೊಸ್ತಿಲದ ಕಥಿ ಅಂತೂ ಕೇಳಬ್ಯಾಡ್ರಿ. ಹಳೀ ಮನಿ ಹೊಸ್ತಿಲದ ಹತ್ರ ಹೋದ್ರ ಮಶೀನ್ ಒದರೇ ಒದರ್ತದ. ಯಾಕಂದ್ರ ಚೌಕಟ್ಟು ನಿಲ್ಲಿಸುವಾಗ ಬುಡಕ ಒಂದೆರಡು ನಾಣ್ಯ, ಬೆಳ್ಳಿ ಚೂರು ಹಾಕೂ ಪದ್ಧತಿ ಅದ. "ನಿಮ್ಮ ಅಜ್ಜನೇ ಹಾಕಿದ್ದಪಾ, ಬಿಟ್ಟುಬಿಡು" ಅಂತ ಒಬ್ಬಾವಗ ಬಡಕೊಂಡು ಹೇಳಿದೆ. ಅವ ಕೇಳಿದ್ರ ಹೌದಲ್ಲ! ಕಬ್ಬಿಣದ ಹಾರಿ ಹಾಕಿ ಹೊಸ್ತಿಲಾ ಕಿತ್ತೇಬಿಟ್ಟ. ತೂತಿನ ಪೈಸಾ ಬಂದವು. ಆ ಮನಿ ಹೆಣ್ಣುಮಗಳು ಕಣ್ಣೀರು ಹಾಕಿ, ಬೈದದ್ದು ಮಾತ್ರ ನನಗ. ಮಶೀನ್ ಒಯ್ದು ಹಿತ್ತಲದ ಬಾವ್ಯಾಗ ಒಗದುಬಿಡ್ತೇನಿ ಅಂತ ಆವತ್ತು ಮನಿಗೆ ಬಂದು ಯಜಮಾನ್ರ ಜೋಡಿ ಜಗಳಾ ಮಾಡಿದೆ.

ಹಿಂಗ ತಲಿ ಕೆಟ್ಟು ಕುಂತಾಗ ಔರಾದದಿಂದ ಆಕಿ ಬಂದ್ಲು. ಅಂಗನವಾಡಿ ಟೀಚರ್ ಆಗಿದ್ದಾಕಿ. ನಾ ಮಕ್ಕಳ ವಾರ್ಡಿನ್ಯಾಗ ಇದ್ದಾಗಿನ ಗುರ್ತು. ಊರ ಮಂದಿಯ ಸೊರಗಿದ ಮಕ್ಕಳನ್ನ ಬಗಲಾಗ ಇಟ್ಕೊಂಡು, ಅವರ ತಾಯಂದಿರಿಗೆ ದಾರಿ ತುಂಬ ಬೈಕೋತ ಬಸ್ಸಿಗೆ ಬರ್ತಿದ್ಲು. "ಸಿಸ್ಟರ್, ಈ ಕೂಸಿನ ರಟ್ಟಿ ನೋಡ್ರಿ, ನನ್ನ ಎರಡು ಬೆರಳಾಗ ಬರ್ತದ!" ಅಂತ ವಾರ್ಡು ಹಾರಿಹೋಗೂಹಂಗ ಒದರ್ತಿದ್ಲು. ಈಗ ಕೂದಲ ಬೆಳ್ಳಗಾಗ್ಯಾವ, ಧ್ವನಿ ಸಣ್ಣದಾಗ್ಯಾದ. ಬಂದಾಕಿ ನೀರು ಸೈತ ಕುಡೀಲಿಲ್ಲ, ನೆಟ್ಟಗ ವಿಷಯಕ್ಕ ಬಂದ್ಲು.

ಅಂಗನವಾಡಿಗೆ ಸೇರೂಕ್ಕಿಂತ ಮೊದಲ ಆಕಿಗೊಂದು ಹೆಣ್ಣುಕೂಸು ಇತ್ತಂತ. ಎರಡು ವರ್ಷದ್ದಾದಾಗ ಜ್ವರ ಬಂದು ಹೋಯ್ತು. ಮತ್ತ ಮಕ್ಕಳಾಗಲಿಲ್ಲ. ಮಣ್ಣು ಮಾಡೂ ಮುಂಚೆ ಕೂಸಿನ ಕಾಲಾಗಿದ್ದ ಒಂದೇ ಬೆಳ್ಳಿ ಕಡಗ ತಗದು, ಅಡಗಿ ಮನಿ ಮಣ್ಣಿನ ಗ್ವಾಡ್ಯಾಗ ಸಣ್ಣ ಗುಂಡಿ ಕೊರದು ಇಟ್ಟು, ಮ್ಯಾಲ ಮಣ್ಣು ಮೆತ್ತಿಬಿಟ್ಟಿದ್ಲು. ಗಂಡಗೂ ಹೇಳಿರಲಿಲ್ಲ. ಹಬ್ಬಕ್ಕೊಮ್ಮೆ ಗ್ವಾಡಿ ಸಾರಿಸುವಾಗ ಅಲ್ಲಿ ಕೈ ಆಡಿಸ್ತಿದ್ಲು, ಅಷ್ಟೇ. ಕೂಸಿನ ಫೋಟೋ ಇಲ್ಲ. ಆ ಕೂಸನ್ನ ನೋಡಿದವರೂ ಯಾರೂ ಉಳದಿಲ್ಲ.

"ಗುಂಡಗುಂಡಗ ಇದ್ಲು ರೀ ನನ್ನ ಮಗಳು," ಅಂದ್ಲು. "ನಡದ್ರ ಅಂಗಳದಾಗ ಥಪ್ ಥಪ್ ಸಪ್ಪಳಾ ಬರ್ತಿತ್ತು."

ಆಕಿ ಕಣ್ಣಿನ ಆಪರೇಶನ್‌ಗೆ ಬೀದರಕ್ಕ ಬಂದು ಮಲಗಿದಾಗ, ಮೈದುನನ ಮಕ್ಕಳು ದೊಡ್ಡವ್ವಗ ಸ್ಲ್ಯಾಬಿನ ಮನಿ ಕಟ್ಟಿಸಿಕೊಡಬೇಕಂತ ಹಳೀ ಮನಿ ಕೆಡವಿಬಿಟ್ಟಿದ್ರು. ಪಾಪ, ಅವರದೇನೂ ತಪ್ಪಿಲ್ಲ. ಗ್ವಾಡ್ಯಾಗ ಏನದ ಅಂತ ಅವರಿಗೆ ಹ್ಯಾಂಗ ಗೊತ್ತಾಗಬೇಕು? ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಊರಿಗೆ ಹೋಗಿ ನೋಡ್ತಾಳ, ಗ್ವಾಡಿನೇ ಇಲ್ಲ. ಆ ಕಡಗ ಮಶೀನಿಲೇ ಹುಡುಕಿಕೊಡ್ರಿ ಅಂದ್ಲು, ನಂಗ ಇಲ್ಲ ಅನ್ನಲಾಕ ಆಗಲಿಲ್ಲ. ಒಳಗಿಂದ ಯಜಮಾನ್ರು "ಹೋಗಿ ಬಾ" ಅಂದ್ರು. ಅವರಿಗೇನು, ಮಲಗಿದಲ್ಲೇ ಹೇಳ್ತಾರ.

ಔರಾದಕ್ಕ ಹೋಗಿ ಜಾಗಾ ಎಲ್ಲಾ ಜಾಲಾಡಿದೆ. ಬುನಾದಿ ಎದ್ದಿತ್ತು, ಕಬ್ಬಿಣದ ಸಳಿ ಸುತ್ತೂ ಬಿದ್ದಿದ್ವು, ಮಶೀನ್ ಬಾಯಿ ಮುಚ್ಚಲೇ ಇಲ್ಲ. ಬಿಸಲಾಗ ತಲಿ ಸಿಡ್ಯಾಕತ್ತಿತು. ಆಕಿ ಮಾತ್ರ ಪ್ರತಿ ಸಲ ಕುಂಯ್ ಅಂದಾಗ ಓಡಿಬಂದು ನೆಲಕ್ಕ ಕುಂಡ್ರತಿದ್ಲು. ಮೊಳಿ ಬಂದ್ರ ಅದನ್ನೂ ಒರಸಿ ನೋಡ್ತಿದ್ಲು. ಕಡೀಗೆ ಆ ಹುಡುಗರೊಳಗ ಒಬ್ಬಾವ, "ದೊಡ್ಡವ್ವಾ, ಗ್ವಾಡಿ ಮಣ್ಣು ಇಲ್ಲೆಲ್ಲಿ ಅದ? ಟ್ರ್ಯಾಕ್ಟರಿನವ ಒಯ್ದನಲ್ಲ," ಅಂದ. ನಾ ಹಣಿ ಹಣಿ ಬಡಕೊಂಡೆ. ಹಳೀ ಗ್ವಾಡಿ ಬಿಳಿ ಮಣ್ಣು ಹೊಲಕ್ಕ ಗೊಬ್ಬರ ಇದ್ದಹಂಗ. ಮನಿ ಬಿತ್ತು ಅಂದ್ರ ಸಾಕು, ನಂಗ ನಿಂಗ ಅಂತ ಹೊತ್ಕೊಂಡು ಹೋಗ್ತಾರ. ಈ ಮಾತು ಇಬ್ಬರಿಗೂ ನೆನಪಾಗಲಿಲ್ಲ ನೋಡ್ರಿ, ಬರೀ ಜಾಗಾ ಕೆದರಿಕೋತ ಕುಂತಿದ್ವಿ.

ಟ್ರ್ಯಾಕ್ಟರಿನವ ಭಾಲ್ಕಿ ಕಡೆ ಕಬ್ಬು ಹೇರಲಾಕ ಹೋಗಿದ್ದ. ಫೋನ್ ಮಾಡಿದ್ರ ಎತ್ತಲಿಲ್ಲ. ನಾವಿಬ್ಬರೂ ಮುದುಕಿಯರು ಬಸ್ಸಿನ್ಯಾಗ ಜೋಲಿ ಹೊಡಕೋತ ಭಾಲ್ಕಿಗೆ ಹೋದ್ವಿ. ಸ್ಟೇಶನ್ ಹತ್ರ ಚಾದ ಅಂಗಡ್ಯಾಗ ಸಿಕ್ಕ. ಆಕಿ ಎಲ್ಲಾ ಹೇಳಿದ್ಲು, ಅವ ಬಸಿಯೊಳಗಿನ ಚಾ ಅಲ್ಲೇ ಬಿಟ್ಟ. "ಅಯ್ಯ ಯವ್ವಾ, ಮೊದಲೇ ಹೇಳಬಾರದೇನ್ರಿ? ಊರ ಹೊರಗಿನ ದೊಡ್ಡ ಬೇವಿನ ಗಿಡದ ಹೊಲಕ್ಕ ಸುರವೀನಿ. ಇನ್ನೂ ಮಣ್ಣಾಗ ಕೂಡಿಸಿ ಹರಗಿಲ್ಲ, ಜಲ್ದಿ ಹೋಗ್ರಿ. ಮಳಿ ಬಿದ್ರ ಬಿತ್ತಿಬಿಡ್ತಾರ." ಅಲ್ಲಿಂದ ತಿರುಗಿ ಬರುವಾಗ ಆಕಿ ದಾರಿ ಪೂರ್ತಿ ಮಗಳ ಮಾತೇ ಆಡಿದ್ಲು. ನಾ ಹೂಂ ಹೂಂ ಅನಕೋತ ನಿದ್ದಿಗೆ ಜಾರಿದ್ದೆ, ಖರೇ ಹೇಳ್ತೇನಿ.

ಮರುದಿನ ಹೊಲಕ್ಕ ಹೋದ್ವಿ. ಎರಿ ಹೊಲ, ಕರೀ ಮಣ್ಣು. ನಟ್ಟನಡುವ ಆಕಿ ಮನಿ ಬೆಳ್ಳಗ ಬಿದ್ದಿತ್ತು. ಹೊಲದವರು "ನೋಡ್ಕೊಳ್ರಿ ತಾಯಿ" ಅಂದು ತಮ್ಮ ಕೆಲಸಕ್ಕ ಹೋದ್ರು. ನಾ ಕೋಲು ಆಡಿಸ್ತಾ ಹೋದೆ, ಆಕಿ ಮಣ್ಣು ಕೆದರೂ ಖುರಪಿ ಹಿಡದು ಹಿಂದಿಂದ. ಒಂದು ಚಮಚಾ ಬಂತು. ಬಾಗಿಲ ಚಿಲಕ ಬಂತು. "ಇದು ನಮ್ಮದೇ ರೀ!" ಅಂತ ಚಿಲಕ ಎದಿಗೆ ಹಿಡಕೊಂಡ್ಲು. ಆಮ್ಯಾಲ ಏನಿಲ್ಲ. ಹೊತ್ತು ನೆತ್ತಿಗೆ ಬಂತು, ನನ್ನ ರಟ್ಟಿ ಸೋತು ಹೋದವು.

"ಸಾಕಾತವಾ ನಂಗ," ಅಂತ ಸಿಟ್ಟಿಲೇ ಅಂದೆ. "ಒಂದು ಕಡಗದ ಸಲುವಾಗಿ ಇಬ್ಬರ ಜೀವಾ ಹೋಗೂಹಂಗ ಆಗ್ಯಾದ. ಮಗಳು ಮನಸಿನ್ಯಾಗ ಅದಾಳಲ್ಲ, ಸಾಲೂದಿಲ್ಲೇನು?"

"ಸಾಲೂದಿಲ್ರಿ," ಅಂದ್ಲು. "ನೀವು ಗಿಡದ ನೆಳ್ಳಿಗೆ ಕುಂಡ್ರಿ. ಆ ಕೋಲು ಇಲ್ಲಿ ಕೊಡ್ರಿ."

ಕೊಟ್ಟುಬಿಟ್ಟೆ. ಬಿಡಿಸಿ ಹೇಳಲಾಕ ತ್ರಾಣ ಇರಲಿಲ್ಲ. ಆಕಿ ಕಸಬರಗಿ ಹಿಡದಹಂಗ ಹಿಡದು ಬಿಳಿ ಮಣ್ಣಿನ ಮ್ಯಾಲ ಆಡಿಸಿಕೋತ ಹೋದ್ಲು. ನಾ ಬೇವಿನ ಬುಡಕ ಕಾಲು ಚಾಚಿ ಕಣ್ಣು ಮುಚ್ಚಿದ್ದೆ. ಕುಂಯ್ ಅಂತು. ಮತ್ತ ಮೊಳಿ ಇರಬೇಕು ಅಂತ ಏಳಲಿಲ್ಲ. ಬಾಳ ಹೊತ್ತಿನತನಕ ಸಪ್ಪಳಾ ಇಲ್ಲ ಅಂದಾಗ ಕಣ್ಣು ತೆರದೆ. ಆಕಿ ಮಣ್ಣಾಗ ಕುಂತಿದ್ಲು. ಬಿಸಲಿಗೆ ಚಕ್ಕರ್ ಬಂತೇನೋ ಅಂತ ಓಡಿಹೋದೆ.

ಕೈಯಾಗ ಕಡಗ ಇತ್ತು. ಕರ್ರಗಾಗಿತ್ತು, ಆದ್ರ ಗೋಲ್ ಕೆಟ್ಟಿರಲಿಲ್ಲ.

"ಸಿಕ್ತಲ್ಲವಾ!" ಅಂತ ನಾನೇ ಒದರಿದೆ. ಎಷ್ಟು ಖುಷಿ ಆಯ್ತು ಅಂದ್ರ ನಡದ ಬ್ಯಾನಿ ಮರತು ಆಕಿ ಮಗ್ಗಲಾ ಕುಂತುಬಿಟ್ಟೆ. ಬಾಟ್ಲಿ ನೀರು ಹಾಕಿ ತೊಳದೆ. ಆಕಿ ಸೆರಗಿಲೇ ಒರಸಿದ್ಲು, ಒಳಮಗ್ಗಲಿಗೆ ಅಕ್ಕಸಾಲಿ ಹೊಡದ ಹೂವಿನ ಗುರ್ತು ನೋಡಿದ್ಲು, ಹೌದ್ರಿ, ಇದೇ ಅಂದ್ಲು. ಆಮ್ಯಾಲ ಅದರಾಗ ಎರಡು ಬೆರಳು ಹಾಕಿದ್ಲು. ಮೂರನೇದು ಹಾಕಲಾಕ ನೋಡಿದ್ಲು. ಹೋಗಲಿಲ್ಲ.

ಆಕಿ ಮಾರಿ ಮ್ಯಾಲಿನ ನಗಿ ನಿಂತೇ ಹೋಯ್ತು.

"ಹುಟ್ಟಿದಾಗ ಹಾಕಿದ್ದು ಇರ್ತದವಾ, ಸಣ್ಣದೇ ಇರೂದು," ಅಂದೆ.

"ಇಲ್ರಿ. ಕಡೀತನಕ ಇದೇ ಇತ್ತು ಕಾಲಾಗ. ನಾನೇ ತಗದೀನಿ. ಸಲೀಸಾಗಿ ಜಾರಿ ಬಂತು, ಎಳೀಲೂ ಇಲ್ಲ."

ನನಗ ತಿಳೀತು. ವಾರ್ಡಿನ್ಯಾಗ ಇಂಥಾ ಸೊರಗಿದ ಕಾಲು ಎಷ್ಟು ಹಿಡದೀನೋ. ಆದ್ರೂ ಸುಳ್ಳು ಹೇಳಿದೆ. "ಗ್ವಾಡಿ ಬೀಳುವಾಗ ಒತ್ತಿ ಸಣ್ಣದಾಗಿರಬೇಕು, ಟ್ರ್ಯಾಕ್ಟರ್ ಬ್ಯಾರೆ ಹಾದದ."

ಆಕಿ ನನ್ನ ಮಾರಿ ನೋಡಿದ್ಲು. ಬೈತಾಳೇನೋ ಅಂದುಕೊಂಡೆ, ಬೈಲಿಲ್ಲ. ಕಡಗ ಇನ್ನೂ ಆ ಎರಡು ಬೆರಳಾಗೇ ಇತ್ತು.

"ನೀವಾದ್ರೂ ಖರೇ ಹೇಳ್ರಿ ಸಿಸ್ಟರ್. ಜ್ವರ, ಜ್ವರ ಅಂತ ಎಲ್ಲಾರಿಗೂ ಹೇಳಿಕೋತ ಬಂದೀನಿ. ಗುಂಡಗಿದ್ಲು ಅಂತ ನಂಬೀನಿ. ಆಗ ಮನ್ಯಾಗ ನನಗೇ ಊಟ ಇರಲಿಲ್ಲ, ಎದ್ಯಾಗ ಹಾಲು ಎಲ್ಲಿಂದ ಬರಬೇಕು? ಕೂಸಿಗೆ ಹೊಟ್ಟಿಗೆ ಹಾಕೂದಿಲ್ಲೇನ ಅಂತ ಊರ ತಾಯಂದಿರಿಗೆಲ್ಲಾ ಬೈದೀನ್ರಿ ನಾ. ನನ್ನ ಮಗಳು ಹಸದು ಸತ್ತಾಳ್ರಿ."