ಚುಕ್ಕೆ ಟೀಚರ್

ಹೆಣ್ಣುಮಕ್ಕಳ ಶಾಲೆಯ ಆ ಗಣಿತದ ಟೀಚರನ್ನು ಮಕ್ಕಳು ಬೆನ್ನ ಹಿಂದೆ ಚುಕ್ಕೆ ಟೀಚರ್ ಎನ್ನುತ್ತಿದ್ದರು. ಇಪ್ಪತ್ತೆಂಟು ವರ್ಷ ಹಾಜರಿ ಪುಸ್ತಕದಲ್ಲಿ, ಹೆಸರು ಕೂಗಿದಾಗ ಇಲ್ಲದವರ ಮುಂದೆ ಆಕೆ ಪೆನ್ಸಿಲಿನಿಂದ ಚುಕ್ಕೆ ಇಟ್ಟಿದ್ದರು. ಎರಡನೇ ಪೀರಿಯಡ್ಡಿನೊಳಗೆ ಮಗು ಬಂದರೆ ಚುಕ್ಕೆ ಅಳಿಸಿ ಹಾಜರಿ. ಬಾರದಿದ್ದರೆ ಮಾತ್ರ ಗೈರು. ಒಂದು ಮಗುವಿಗೂ ಹೊಡೆದವರಲ್ಲ. ಏಟು ತಿಂದ ತಲೆಗೆ ಲೆಕ್ಕ ಹತ್ತುವುದಿಲ್ಲ ಎನ್ನುತ್ತಿದ್ದರು.

ಈ ವರ್ಷ ಪುಸ್ತಕ ಹೋಗಿ ಟ್ಯಾಬ್ ಬಂತು. ಹಸಿರು ಒತ್ತಿದರೆ ಹಾಜರು, ಕೆಂಪು ಒತ್ತಿದರೆ ಗೈರು, ಚುಕ್ಕೆಗೆ ಜಾಗವಿಲ್ಲ. ಟೀಚರ್ ಕೆಂಪನ್ನೇ ಚುಕ್ಕೆ ಮಾಡಿಕೊಂಡರು. ಸೋಮವಾರದಿಂದ ಕೆಂಪು ಒತ್ತಿದ ಕೂಡಲೇ ಮನೆಗೆ ಮೆಸೇಜ್ ಹೋಗುತ್ತದೆಂಬ ಸುತ್ತೋಲೆಗೆ ಸಹಿಯನ್ನೂ ಹಾಕಿದ್ದರು. ಓದಿದ್ದು ತಲೆಗೆ ಹೋಗಿತ್ತು, ಬೆರಳಿಗೆ ಹೋಗಿರಲಿಲ್ಲ.

ಆ ಸೋಮವಾರ ಮೆಕ್ಯಾನಿಕ್ಕನ ಮಗಳು ಹತ್ತು ನಿಮಿಷ ತಡವಾಗಿ ಬಂದಳು. ಅಷ್ಟರಲ್ಲಿ ಟೀಚರ್ ಕೆಂಪು ಒತ್ತಿಯಾಗಿತ್ತು, ಅಪ್ಪನಿಗೆ ಮೆಸೇಜ್ ಹೋಗಿಯಾಗಿತ್ತು. ಆಮೇಲೆ ಹಸಿರು ಒತ್ತಿದರು. ಹಸಿರಿಗೆ ಮೆಸೇಜ್ ಇರಲಿಲ್ಲ. ಇನ್ನೊಂದು ದಿನ ಶಾಲೆ ತಪ್ಪಿಸಿದರೆ ಬಿಡಿಸಿಬಿಡುತ್ತೇನೆ ಎಂದು ಅಪ್ಪ ಮೊದಲೇ ಹೇಳಿದ್ದ. ಸಂಜೆ ಎಂಜಿನ್ನಿನ ಬೆಲ್ಟಿನಿಂದ ಬಾರಿಸಿದ. ಶಾಲೆಗೆ ಹೋಗಿದ್ದೆ ಎಂದಷ್ಟೂ ಬಾರಿಸಿದ. ಅಡ್ಡ ಹಿಡಿದ ಬಲ ಮುಂಗೈ ಮುರಿಯಿತು.

ಬುಧವಾರ ವಿಷಯ ತಿಳಿದು ಟೀಚರ್ ಟ್ಯಾಬ್ ಹಿಡಿದು ಗ್ಯಾರೇಜಿಗೆ ಹೋದರು. ಹುಡುಗಿ ಕೈಗೆ ಬ್ಯಾಂಡೇಜ್ ಕಟ್ಟಿಕೊಂಡು, ಎಡಗೈಯಿಂದ ಸೀಮೆಎಣ್ಣೆಯಲ್ಲಿ ನಟ್ಟು ತೊಳೆಯುತ್ತಿದ್ದಳು. ತಪ್ಪು ತನ್ನದೆಂದು ಹೇಳಿ ಟೀಚರ್ ಹಸಿರು ತೋರಿಸಿದರು.

ಆತ ನಕ್ಕ. “ಸೋಮವಾರ ಕೆಂಪು, ಬುಧವಾರ ಹಸಿರಾ? ಇದೇನು ಟೀಚರ್, ಊಸರವಳ್ಳಿ ಸಾಕಿದೀರಾ?”

ಟ್ಯಾಬನ್ನು ಕಿತ್ತು ಬೆಂಚಿನ ಮೇಲಿಟ್ಟು ಸುತ್ತಿಗೆಯಿಂದ ಜಜ್ಜಿದ. ಗಾಜು ಸಿಡಿಯಿತು.

“ಅಪ್ಪ, ನಾನು ಕ್ಲಾಸಲ್ಲೇ ಇದ್ದೆ,” ಎಂದಳು ಹುಡುಗಿ.

ಸುತ್ತಿಗೆ ಹಿಡಿದೇ ಅವಳತ್ತ ತಿರುಗಿದ. ಟೀಚರ್ ಅಡ್ಡ ಬಂದರು. ಇನ್ನೊಂದು ಕೈಯ ಮುಷ್ಟಿ ಅವರ ಬಾಯಿಗೆ ಬಿತ್ತು. ಎರಡು ಹಲ್ಲು ಹೋದವು. ನೆಲದಲ್ಲಿ ಬಿದ್ದಿದ್ದ ಸ್ಪ್ಯಾನರ್ ಎತ್ತಿ ಅವನ ಮೊಣಕಾಲಿಗೆ ಬೀಸಿದರು. ಎರಡನೇ ಏಟಿಗೆ ಅವನು ಕುಸಿದ. ಮೂರನೆಯದು ಬೇಕಿರಲಿಲ್ಲ, ಅದನ್ನೂ ಹೊಡೆದರು.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಮೊದಲು ಕೈಯೆತ್ತಿದ್ದು ಯಾರು ಎಂದು ಕೇಳಿದರು.

“ನಾನೇ,” ಎಂದರು ಟೀಚರ್, ಬಾಯಿಗೊತ್ತಿದ ಬಟ್ಟೆ ತೆಗೆದು. “ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ.”

ಇನ್‌ಸ್ಪೆಕ್ಟರಿಗೆ ಅರ್ಥವಾಗಲಿಲ್ಲ. ಟೀಚರ್ ಕೆಂಪು ಒತ್ತಿದ್ದನ್ನು ಬಿಡಿಸಿ ಹೇಳಿ, ಹೇಳಿದ್ದಕ್ಕೆಲ್ಲ ಸಹಿ ಹಾಕಿದರು. ನೆಟ್‌ವರ್ಕ್ ದೋಷ ಎಂದು ಬರೆದುಕೊಡಿ, ಕೆಲಸ ಉಳಿಯುತ್ತದೆ ಎಂದು ಹೆಡ್‌ಮಾಸ್ಟರರು ಸೂಚಿಸಿದರು. ಟೀಚರ್ ಬರೆಯಲಿಲ್ಲ. ಅಮಾನತ್ತಾಯಿತು.

ಹುಡುಗಿ ಚಿಕ್ಕಮ್ಮನ ಮನೆ ಸೇರಿ ಅಲ್ಲಿಂದ ಶಾಲೆಗೆ ಬರತೊಡಗಿದಳು. ಅಮಾನತ್ತಿನ ಆದೇಶ ಪಡೆದ ದಿನ ಟೀಚರ್ ಗುಮಾಸ್ತನ ಕುರ್ಚಿಯ ಹಿಂದೆ ನಿಂತು, ಮೆಸೇಜ್ ಹೋಗುವ ಕಡೆ ಅಪ್ಪನ ನಂಬರ್ ತೆಗೆಸಿ ಚಿಕ್ಕಮ್ಮನದನ್ನು ಹಾಕಿಸಿದರು. ಒಂದೊಂದೇ ಅಂಕಿ ಗಟ್ಟಿಯಾಗಿ ಓದಿಸಿ, ಎರಡು ಸಲ ತಾಳೆ ನೋಡಿ, ಮನೆಗೆ ಹೋದರು.